ಅಂಚಿನೊಳಗಿನ ಉಗುರು

ಹೊನ್ನಾಳಿ ಸೀಮೆಯ ಗೋವಿನಕೋವಿಯಲ್ಲಿ ಟೇಲರ್ ಮರುಳಪ್ಪನಿಗಿಂತ ಅವನ ಬಲಗೈ ಹೆಬ್ಬೆರಳಿನ ಉಗುರಿಗೇ ಹೆಸರು ಹೆಚ್ಚು. ಇಸ್ತ್ರಿಪೆಟ್ಟಿಗೆಗೆ ಇದ್ದಿಲು ಸುರಿಯುವುದು ದುಂದು ಎಂದು ನಂಬಿದ್ದ ಮನುಷ್ಯ ಅವನು. ಬಟ್ಟೆಯ ಅಂಚು ಮಡಚಿ ಆ ಉಗುರಿನಿಂದ ಸರ್ರನೆ ಒಂದು ಸಲ ಗೀರಿದರೆ ಮಡಿಕೆ ಕೂತಲ್ಲೇ ಕೂರುತ್ತಿತ್ತು; ಹೊಳೆಯ ಕಲ್ಲಿಗೆ ಹತ್ತು ಸಲ ಬಡಿದರೂ ಏಳುತ್ತಿರಲಿಲ್ಲ. ಅಂಗಿಯ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ತಿಂಗಳು ದೂಡುವ ನಮ್ಮಂಥವರಿಗೆ ಅದೊಂದು ಮಹಾವಿದ್ಯೆ. ಅವನಿಗೆ ಅದು ಬರೀ ಉಗುರು.

ಬಸ್ಸು ನಿಲ್ಲುವ ಜಾಗದ ಪಕ್ಕದ ಜಗಲಿಯ ಮೇಲೆ ಅಪ್ಪನ ಕಾಲದ ಹೊಲಿಗೆ ಯಂತ್ರ. ಹಬ್ಬಕ್ಕೆಂದು ಕೊಟ್ಟ ಬಟ್ಟೆಯನ್ನು ಹಬ್ಬದ ಮಾರನೆಯ ದಿನ ಕೊಡುವುದು ಆ ಮನೆತನ ತಪ್ಪದೆ ನಡೆಸಿಕೊಂಡು ಬಂದ ಪದ್ಧತಿ. ಯಂತ್ರದ ಕೆಲಸ ಮರುಳಪ್ಪನದು. ಹುಕ್ಕು, ಕಾಜ, ರವಿಕೆಯ ಅಂಚಿನ ಕೈಹೊಲಿಗೆ ಇವೆಲ್ಲ ಕೆಂಪಕ್ಕನವು. ಅವಳು ಜಗಳೂರು ಸೀಮೆಯವಳು. ಬತ್ತದ ಕೊಯ್ಲಿಗೆ ಗಂಡನ ಜೊತೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಶನಿವಾರಕ್ಕೊಮ್ಮೆ ಯಂತ್ರದ ಕೆಳಗಿನ ಚಿಂದಿಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬಿಕೊಂಡು ಹೋಗಿ ಕೌದಿ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷವಾದರೂ ಊರಿನ ಪಾಲಿಗೆ ಅವಳು ಆ ಕಡೆಯವಳೇ.

"ಏನ್ ತಮ್ಮ, ಈ ವಾರ ಬರೀ ಬಿಳಿ ಚಿಂದಿ. ಬಣ್ಣದ ಬಟ್ಟೆ ಉಡೋರೆಲ್ಲ ಸತ್ತೋದ್ರಾ?" ಎಂದು ಅವಳು ಕೇಳುವುದು.

"ಲಗ್ನದ ಕಾಲ ಬರ್ಲಿ ತಡಿಯಕ್ಕ," ಎಂದು ಅವನು ಎಲೆಯಡಿಕೆ ತುಂಬಿದ ಬಾಯಿ ಮೇಲೆತ್ತಿ ಹೇಳುವುದು.

ಎಂಬತ್ತೆರಡರ ದೀಪಾವಳಿಯ ಹೊತ್ತಿಗೆ ಆ ಬಾಯಲ್ಲಿ ಹುಣ್ಣಾಯಿತು. ಸುಣ್ಣ ಹೆಚ್ಚಾಗಿದೆ ಎಂದುಕೊಂಡು ಮರುಳಪ್ಪ ಎಲೆಯಡಿಕೆ ಬಿಟ್ಟ. ಹುಣ್ಣು ಅವನನ್ನು ಬಿಡಲಿಲ್ಲ. ಮೆಣಸಿನಕಾಯಿ ಬಿಟ್ಟ, ರೊಟ್ಟಿ ಬಿಟ್ಟ, ಕೊನೆಗೆ ಮಜ್ಜಿಗೆಯಲ್ಲಿ ಕಿವುಚಿದ ಅನ್ನವೊಂದೇ ಗಂಟಲಿಗೆ ಇಳಿಯುವಂತಾಯಿತು. ಹೆಂಡತಿ ಪ್ರೇಮಮ್ಮನಿಗೆ ಅನುಮಾನ.

"ನನ್ ಕೈ ಅಡುಗೆ ಇಷ್ಟು ವರ್ಷಕ್ಕೆ ಬ್ಯಾಡಾತೇನ್ರೀ?"

"ಬಾಯಿ ಸರಿ ಇಲ್ಲ ಕಣೆ."

"ಅದು ನಂಗೆ ಮದ್ವೆ ದಿನಾನೇ ಗೊತ್ತಾತು," ಎಂದು ಅವಳು ಮಜ್ಜಿಗೆ ಬಡಿಸಿದಳು.

ಆಮೇಲೆ ಉಗುರುಗಳ ಬುಡ ಕೆಂಪಗೆ ಊದಿಕೊಂಡಿತು. ಊತ ತಾನಾಗಿ ಇಳಿಯಿತು. ಡಿಸೆಂಬರಿನ ಒಂದು ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾದ ಹೊತ್ತಿನಲ್ಲಿ, ಮರುಳಪ್ಪ ಒಂದು ಪೈಜಾಮದ ಅಂಚು ಮಡಚಿ ಹೆಬ್ಬೆರಳಿನಿಂದ ಗೀರಿದ. ಸದ್ದು ಬೇರೆಯಾಗಿತ್ತು. ಸರ್ರನ್ನಬೇಕಾದದ್ದು ಒದ್ದೆ ಬಟ್ಟೆ ಎಳೆದ ಹಾಗೆ ಮೆತ್ತಗೆ ಬಂತು. ನೋಡಿದರೆ ಉಗುರು ಬಟ್ಟೆಯ ಮೇಲಿದೆ, ಬೆರಳು ಬೇರೆ ಇದೆ. ನೋವಿಲ್ಲ. ಒಂದು ಹನಿ ರಕ್ತವಿಲ್ಲ. ಇಡಿಯ ಉಗುರು, ಬುಡದ ಬಿಳಿಯ ಅರ್ಧಚಂದ್ರದ ಸಮೇತ, ಹಿಸುಕಿದ ಅವರೆಕಾಳಿನ ಸಿಪ್ಪೆಯಂತೆ ಬೋರಲು ಬಿದ್ದಿತ್ತು. ಬೆರಳಿನ ತುದಿಯಲ್ಲಿ ಅದಿದ್ದ ಜಾಗ ಕಣ್ಣು ಮೂಗಿಲ್ಲದ ಒಂದು ಪುಟ್ಟ ಮುಖದ ಹಾಗೆ ಅವನನ್ನೇ ನೋಡುತ್ತಿತ್ತು.

ಯಾರಾದರೂ ಕಂಡರೇ ಎಂದು ಸುತ್ತ ಕಣ್ಣಾಡಿಸಿದ. ಎದುರಿನ ಕಟ್ಟೆಯ ಮೇಲೆ ಒಂದು ಆಡು ಮಾತ್ರ ಮೆಲುಕು ಹಾಕುತ್ತಾ ನಿಂತಿತ್ತು. ಅದೂ ಮೆಲುಕು ನಿಲ್ಲಿಸಿದ ಹಾಗೆ ಅವನಿಗೆ ಅನ್ನಿಸಿತು.

ಕತ್ತರಿಸಿದ ಉಗುರು ಕಂಡವರ ಕೈಗೆ ಸಿಗಬಾರದು ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಇನ್ನು ಇಡೀ ಉಗುರಿನ ಮಾತೇನು? ಮರುಳಪ್ಪ ಅದನ್ನು ಹಿತ್ತಲಿನ ನುಗ್ಗೆ ಮರದ ಬುಡದಲ್ಲಿ ಹೂತು ಬೆರಳಿಗೆ ಚಿಂದಿ ಸುತ್ತಿಕೊಂಡ. ಕೇಳಿದವರಿಗೆ ಸೂಜಿ ಹೊಕ್ಕಿತು ಎಂದ. ಟೇಲರನ ಬೆರಳಿಗೆ ಸೂಜಿ ಹೊಕ್ಕರೆ ಯಾರು ಆಶ್ಚರ್ಯಪಡುತ್ತಾರೆ?

ಅವನ ಎದೆಯಲ್ಲಿ ಕೂತಿದ್ದದ್ದು ಬೇರೆಯೇ ಹೆದರಿಕೆ: ದೊಡ್ಡ ರೋಗ. ಕುಷ್ಠವನ್ನು ಆ ಹೆಸರಿನಿಂದ ಕರೆಯಲೂ ಜನ ಹಿಂಜರಿಯುತ್ತಿದ್ದ ಕಾಲ. ಸವಳಂಗದ ಕಡೆ ಒಬ್ಬ ಹೋಟೆಲಿನವನ ಕೈಮೇಲೆ ಮಚ್ಚೆ ಎದ್ದಾಗ ಊರು ಅವನಿಗೆ ಏನೂ ಅನ್ನಲಿಲ್ಲ. ಕಾಫಿ ಕುಡಿಯುವುದನ್ನು ನಿಲ್ಲಿಸಿತು, ಅಷ್ಟೆ. ಮೂರು ತಿಂಗಳಿಗೆ ಅವನು ಕಪ್ಪು ಬಸಿ ಗಂಟು ಕಟ್ಟಿದ. ಮರುಳಪ್ಪನಿಗೆ ಬರುವುದು ಹೊಲಿಗೆಯೊಂದೇ. ಅವನ ಕೈ ಮುಟ್ಟಿದ ಬಟ್ಟೆಯನ್ನು ಮೈಗೆ ಹಾಕಿಕೊಳ್ಳಬೇಕಾದವರು ಇದೇ ಊರಿನವರು. ಆದ್ದರಿಂದ ಅವನು ಪ್ರೇಮಮ್ಮನಿಗೂ ಹೇಳಲಿಲ್ಲ.

ಜನವರಿಯಲ್ಲಿ ವಿಧಾನಸಭೆಯ ಚುನಾವಣೆ ಬಂತು. ಮತಗಟ್ಟೆಯ ಅಧಿಕಾರಿ ಮರುಳಪ್ಪನ ಎಡಗೈ ತೋರುಬೆರಳಿನ ಮೇಲೆ, ಉಗುರಿನ ಬುಡಕ್ಕೆ ತಾಗುವಂತೆ, ಮಸಿಯ ಗೀಟು ಎಳೆದ. ಆಗಿನ್ನೂ ಆ ಉಗುರು ಇತ್ತು. ಜನವರಿ ಮುಗಿಯುವಷ್ಟರಲ್ಲಿ ಇರಲಿಲ್ಲ. ಅಷ್ಟರಲ್ಲಿ ಆರು ಬೆರಳಿಗೆ ಚಿಂದಿ ಸುತ್ತಿಯಾಗಿತ್ತು. ಅವನ ಕೈಗೆ ಸಿಕ್ಕಿ ನುಗ್ಗೆಯ ಬುಡ ಸೇರಿದ ಉಗುರುಗಳು ಮಾತ್ರ ಎರಡು.

ಉಳಿದ ನಾಲ್ಕು ಎಲ್ಲಿ? ಬಿದ್ದ ಉಗುರಿಗೆ ಸದ್ದಿಲ್ಲ. ಯಂತ್ರದ ಕೆಳಗೆ ಹುಡುಕಿದ, ಹಾಸಿಗೆ ಕೊಡವಿದ, ಅನ್ನದ ತಟ್ಟೆಯನ್ನೂ ಬೆರಳಿನಿಂದ ಕೆದಕಿ ನೋಡಿದ. ಇಲ್ಲ. ಆ ತಿಂಗಳು ಅವನು ಹೊಲಿದು ಕೊಟ್ಟದ್ದು ಅಂಗಿ, ಚಡ್ಡಿ, ಲಂಗ, ರವಿಕೆ ಎಲ್ಲ ಸೇರಿ ಅರ್ಧ ಊರಿಗಾಗುವಷ್ಟು. ಅವನ ಮೈಯ ತುಣುಕುಗಳು ಯಾರದೋ ಅಂಚಿನೊಳಗೆ ಕೂತು ಸಂತೆಗೆ, ಗದ್ದೆಗೆ, ಗುಡಿಗೆ ಹೋಗಿ ಬರುತ್ತಿದ್ದವು. ಎದುರಿಗೆ ಯಾರು ಬಂದರೂ ಮರುಳಪ್ಪ ಮುಖ ನೋಡದೆ ಅಂಚು ನೋಡತೊಡಗಿದ. ಹೆಂಗಸರು ಸೆರಗು ಸರಿಮಾಡಿಕೊಂಡರು. ಗಂಡಸರು, ತನ್ನ ಹೊಲಿಗೆಗೆ ತಾನೇ ಮರುಳಾಗಿದ್ದಾನೆ ಎಂದು ನಕ್ಕರು.

ಊರಿನ ಅಡಿಕೆ ವ್ಯಾಪಾರಿ ಬಸವರಾಜಪ್ಪನ ಮಗಳ ಮದುವೆ ಫೆಬ್ರವರಿಯಲ್ಲಿ. ಎಂಟು ರವಿಕೆಗಳನ್ನು ಮರುಳಪ್ಪ, ಮನೆತನದ ಪದ್ಧತಿ ಮುರಿದು, ಮುಂಚೆಯೇ ಹೊಲಿದು ಕೊಟ್ಟಿದ್ದ. ಬಸವರಾಜಪ್ಪನ ತಾಯಿ ಸರ್ವಮಂಗಳಮ್ಮನಿಗೆ ಕಣ್ಣು ಮಂಜು. ಹೊಸ ಬಟ್ಟೆ ಬಂದರೆ ಅವರು ಬೆರಳಿನಿಂದಲೇ ಓದುತ್ತಿದ್ದರು. ಹಸಿರು ರೇಷ್ಮೆಯ ರವಿಕೆಯ ಅಂಚಿನುದ್ದಕ್ಕೂ ಬೆರಳು ಓಡಿಸುತ್ತಾ ಬಂದವರು ಒಂದು ಕಡೆ ನಿಂತರು.

"ಇಲ್ಲೇನೋ ಗಟ್ಟಿ ಐತೆ. ಬಿಚ್ಚಿ ನೋಡ್ರಿ."

ಬಿಚ್ಚಿದರು. ಅವರ ಅಂಗೈಮೇಲೆ ಒಂದು ಉಗುರು ಬಿತ್ತು. ಅದರ ಬುಡದಲ್ಲಿ ಕಪ್ಪು ಗೀಟು.

"ಯಾವ್ದೋ ಪ್ರಾಣೀದಾ?" ಎಂದರು ಸರ್ವಮಂಗಳಮ್ಮ.

ಬಸವರಾಜಪ್ಪ ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಇಳಿಯಿತು. "ಪ್ರಾಣಿ ಓಟು ಹಾಕಲ್ಲವ್ವ," ಎಂದ.

ಮದುವಣಗಿತ್ತಿಯ ರವಿಕೆಯಲ್ಲಿ ಮನುಷ್ಯರ ಉಗುರು, ಅದೂ ರಕ್ತ ಕಾಣದೆ ಬುಡಸಮೇತ ಎದ್ದು ಬಂದದ್ದು. ಇದು ಮಾಟ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ಅವತ್ತಿನಿಂದ ಊಟ ಬಿಟ್ಟಳು. ಆದರೆ ಈ ಮಾಟಗಾರರು ಒಂದು ಸುಳಿವು ಉಳಿಸಿದ್ದರು. ಎಡಗೈ ತೋರುಬೆರಳಿನ ಮಸಿ ಯಾರಿಗಿಲ್ಲವೋ ಅವರೇ ಕಳ್ಳರು. ಮರುದಿನ ಬೆಳಿಗ್ಗೆ ಬಸವರಾಜಪ್ಪನ ಕಣದಲ್ಲಿ ಊರು ಸಾಲಾಗಿ ನಿಂತು ಬೆರಳು ತೋರಿಸಿತು. ಓಟು ಹಾಕುವಾಗಲೂ ಆ ಊರು ಅಷ್ಟು ನೆಟ್ಟಗೆ ಸಾಲು ನಿಂತಿರಲಿಲ್ಲ.

ಮರುಳಪ್ಪನ ಸರದಿ ಬಂತು. ಅವನ ಕೈಯಲ್ಲಿ ಆರು ಗಂಟು ಚಿಂದಿ. ಸೂಜಿ ಹೊಕ್ಕ ಗಾಯವೆಂದೇ ಊರು ನಂಬಿದ್ದರಿಂದ ಬಿಚ್ಚು ಎಂದು ಯಾರೂ ಹೇಳಲಿಲ್ಲ.

"ಹೊಲ್ದೋನು ನೀನು. ಅಂಚಿನಾಗೆ ಅದು ಹೆಂಗೆ ಬಂತು?" ಬಸವರಾಜಪ್ಪ ಕೇಳಿದ.

"ಅಂಚು ಕೈಹೊಲಿಗೆ ಸಾವ್ಕಾರ್ರೆ." ಅಷ್ಟು ಹೇಳಿ ಮರುಳಪ್ಪ ಬಾಯಿ ಮುಚ್ಚಿಕೊಂಡ. ಅದು ಸುಳ್ಳಲ್ಲ. ಹಾಗೆಂದು ನಿಜವನ್ನೂ ಹೇಳಿರಲಿಲ್ಲ. ಊರಿನ ತಲೆಗಳೆಲ್ಲ ಒಟ್ಟಿಗೆ ಕೆಂಪಕ್ಕನ ಕಡೆ ತಿರುಗಿದಾಗಲೇ ಅವನಿಗೆ ತಾನು ಆಡಿದ್ದೇನೆಂದು ತಿಳಿದದ್ದು.

ಕೆಂಪಕ್ಕ ಬೆರಳು ಚಾಚಿದಳು. ಮಸಿ ಇಲ್ಲ.

"ಓಟು ಹಾಕಾಕೆ ಹೋಗಿದ್ದೆ. ನಿನ್ ಓಟು ಬೆಳಿಗ್ಗೇನೇ ಆಗೈತೆ ಹೋಗವ್ವ ಅಂದ್ರು. ವಾಪಸ್ ಬಂದೆ," ಎಂದಳು.

ಅವಳ ಓಟನ್ನು ಬೆಳಿಗ್ಗೆಯೇ ಹಾಕಿದ ಪುಣ್ಯಾತ್ಮರು ಯಾರೆಂದು ವಿಚಾರಿಸುವುದು ಯಾರಿಗೂ ಬೇಕಿರಲಿಲ್ಲ. ಬಸವರಾಜಪ್ಪನಿಗಂತೂ ಬೇಕೇ ಇರಲಿಲ್ಲ.

ಗದ್ದೆ ಕೆಲಸದ ಓಬಳಪ್ಪ ಒಬ್ಬ ಮಾತ್ರ, "ಅವಳ ಹತ್ತೂ ಉಗುರು ನೆಟ್ಟಗದಾವಲ್ರೀ," ಎಂದ.

"ಮಸಿ ಇದ್ದದ್ದು ಕಿತ್ತು ಹೊಲ್ದಾಳೆ. ಹೊಸಾದು ಬೆಳಸ್ಕಂಡಾಳೆ," ಎಂದ ಗುಂಪಿನಲ್ಲೊಬ್ಬ.

"ಒಂದೇ ತಿಂಗಳಿಗಾ?"

"ಬೆಳಸೋ ವಿದ್ಯೆ ಗೊತ್ತಿದ್ದೋರಿಗೆ ತಿಂಗಳು ಯಾಕೆ ಬೇಕು? ಒಂದು ಗಳಿಗೆ ಸಾಕು."

ಈ ವಾದಕ್ಕೆ ಹೊನ್ನಾಳಿಯ ಕೋರ್ಟಿನಲ್ಲೂ ಉತ್ತರವಿರಲಿಕ್ಕಿಲ್ಲ. ಅಷ್ಟರಲ್ಲಿ ಕೆಂಪಕ್ಕನ ಗುಡಿಸಲು ಹುಡುಕಲು ಹೋದವರು ಒಂದು ನಶ್ಯದ ಡಬ್ಬಿ ಹಿಡಿದುಕೊಂಡು ಬಂದರು. ಮುಚ್ಚಳ ತೆಗೆದರು. ಒಳಗೆ ಹತ್ತಿಯ ಮೇಲೆ ಒಡವೆಯಂತೆ ಜೋಡಿಸಿಟ್ಟ ಎರಡು ಉಗುರು. ಬಸವರಾಜಪ್ಪ ಅವನ್ನು ಅಂಗೈಗೆ ಸುರಿದುಕೊಂಡ.

ತಾಯಂದಿರು ಮಕ್ಕಳ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಮರುಳಪ್ಪ ಕತ್ತು ಚಾಚಿ ನೋಡಿದ. ತನ್ನದೇ ಮಧ್ಯಬೆರಳು, ತನ್ನದೇ ಕಿರುಬೆರಳು ಅಲ್ಲಿ ಬಸವರಾಜಪ್ಪನ ಅಂಗೈಯಲ್ಲಿ ಮಲಗಿದ್ದವು. ತಾನು ಇಲ್ಲಿ ನಿಂತಿದ್ದ. ಸತ್ತವರು ಪಕ್ಕದಲ್ಲಿ ನಿಂತು ತಮ್ಮ ಹೆಣ ನೋಡುತ್ತಾರಂತಲ್ಲ, ಹಾಗೆ.

"ಯಾರವು?" ಬಸವರಾಜಪ್ಪ ಕೇಳಿದ.

ಕೆಂಪಕ್ಕ ಡಬ್ಬಿ ನೋಡಿದಳು. ಆಮೇಲೆ ಒಂದೇ ಒಂದು ಕ್ಷಣ ಮರುಳಪ್ಪನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಉಗುರಿನ ಮ್ಯಾಲೆ ಹೆಸ್ರು ಬರ್ದಿರಲ್ಲ ಸಾವ್ಕಾರ್ರೆ," ಎಂದಳು.

"ಸಂಜೆ ಬಸ್ಸಿಗೆ ಹೊರಟುಬಿಡು. ನಿನ್ ಗುಡಿಸ್ಲಿಗೆ ಬೆಂಕಿ ಇಡಾಕೆ ಜನ ಕಾಯ್ತಾ ಅದಾರೆ. ಸಂಜೆ ತನಕ ನಾನು ತಡೀತೀನಿ. ಆಮ್ಯಾಲೆ ನಂಗೆ ಕೇಳಬ್ಯಾಡ."

ಕೆಂಪಕ್ಕ ತಲೆಯಾಡಿಸಿದಳು. ಕೌದಿ ಮಡಚಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುವವಳ ಹಾಗೆ ನಿಂತಳು. ಅವಳು ಹೋದರೆ ಮರುಳಪ್ಪನಿಗೆ ಎಲ್ಲವೂ ಉಳಿಯುತ್ತದೆ. ಯಂತ್ರ, ಜಗಲಿ, ಊರು. ಅವನು ಮಾಡಬೇಕಾದದ್ದು ಇಷ್ಟೇ, ಇಲ್ಲಿಯವರೆಗೆ ಮಾಡಿದ್ದನ್ನೇ ಇನ್ನೂ ಅರ್ಧ ಗಳಿಗೆ ಮಾಡುವುದು: ಸುಮ್ಮನಿರುವುದು. ಧೈರ್ಯವಂತ ಎಂದು ಅವನನ್ನು ಯಾರೂ ಕರೆದದ್ದಿಲ್ಲ; ಹಲ್ಲಿ ಬಿದ್ದರೆ ಮೂರು ದಿನ ಜ್ವರ ಬರಿಸಿಕೊಳ್ಳುವ ಕುಳ. ಆದರೆ ಅವನ ಬಲಗೈ ಅವನನ್ನು ಕೇಳದೆ ಎಡಗೈಯ ಗಂಟು ಬಿಚ್ಚತೊಡಗಿತ್ತು.

ತೋರುಬೆರಳಿಗೆ ಸುತ್ತಿದ್ದದ್ದು ಮದುವಣಗಿತ್ತಿಯ ರವಿಕೆಯದೇ ಹಸಿರು ರೇಷ್ಮೆಯ ಚೂರು. ಅದು ಕೆಳಗೆ ಬಿತ್ತು. ಆಮೇಲೆ ಬಿಳಿಯದು, ಹೂವಿನದು, ಗೀಟಿನದು. ಒಂದೊಂದಾಗಿ ಆರು ಬೆರಳುಗಳು ಹೊರಬಂದವು, ಮುಖವಿಲ್ಲದ ಆರು ಬೆರಳುಗಳು.

"ಅವು ನನ್ನವು. ತಾವಾಗೇ ಉದುರ್ತಾವೆ. ಕೆಂಪಕ್ಕನದು ಏನೂ ಇಲ್ಲ," ಎಂದ.

ಊರು ಒಂದು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಇನ್ನೊಂದು ಹೆಜ್ಜೆ. ಬಸವರಾಜಪ್ಪ ಅಂಗೈಯಲ್ಲಿದ್ದದ್ದನ್ನು ನೆಲಕ್ಕೆ ಕೊಡವಿ ಪಂಚೆಗೆ ಕೈ ಒರೆಸಿಕೊಂಡ. ಯಾರೋ ಹಿಂದಿನಿಂದ ದೊಡ್ಡ ರೋಗದ ಹೆಸರು ಹೇಳಿದರು. ಪ್ರೇಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಣದ ಬದಿಗೆ ಹೋಗಿ ಕೂತಳು. ಖಾಲಿಯಾದ ಕಣದ ನಡುವೆ ಉಳಿದವರು ಇಬ್ಬರೇ. ಕೆಂಪಕ್ಕ ಬಗ್ಗಿ ಮಣ್ಣಿನಿಂದ ಎರಡೂ ಉಗುರು ಹೆಕ್ಕಿ ಡಬ್ಬಿಗೆ ಹಾಕಿಕೊಂಡಳು.

"ನಿಂಗೆ ಗೊತ್ತಿತ್ತು," ಎಂದ ಮರುಳಪ್ಪ.

"ಚಿಂದಿ ಗುಡ್ಸೋಳಿಗೆ ಗೊತ್ತಾಗ್ದೆ ಇರ್ತೈತಾ. ಕಂಡೋರ ಕೈಗೆ ಸಿಗಬಾರ್ದು ಅಂತ ತೆಗೆದಿಟ್ಟಿದ್ದೆ."

"ಹೇಳ್ಬೌದಿತ್ತಲ್ಲ."

"ಹೇಳಿದ್ರೆ ನಂಗೆ ಚಿಂದಿ ಯಾರ್ ಕೊಡ್ತಿದ್ರು?" ಎಂದು ಕೆಂಪಕ್ಕ ಗದರಿದಳು. "ಅಂಗಿ ಬಿಚ್ಚು. ಬೆನ್ನು ಒದ್ದೆ ಆಗೈತೆ."

ಅಂಗಿ ಬಿಚ್ಚಿದಾಗ ಅದರ ಜೊತೆ ಬೆನ್ನಿನ ನೀರುಗುಳ್ಳೆಗಳ ಸಿಪ್ಪೆಯೂ ಬಂತು.

ಹೊನ್ನಾಳಿಯ ಡಾಕ್ಟರು ಹತ್ತಿಯ ಎಳೆಯಿಂದ ಮೈಯೆಲ್ಲ ಮುಟ್ಟಿ, ಗೊತ್ತಾಗುತ್ತಾ ಎಂದು ಕೇಳಿದರು. ಎಲ್ಲ ಕಡೆಯೂ ಗೊತ್ತಾಗುತ್ತಿತ್ತು. "ಇದು ನೀವು ಅಂದ್ಕೊಂಡಿರೋದಲ್ಲ," ಎಂದು ದಾವಣಗೆರೆಗೆ ಚೀಟಿ ಬರೆದರು. ಅಲ್ಲಿಯ ಚರ್ಮದ ಡಾಕ್ಟರು ವಯಸ್ಸಾದವರು. ಕೈ ನೋಡಿದವರೇ ಮೊದಲು ಬಾಯಿ ತೆಗೆಯಲು ಹೇಳಿದರು. ಮರುಳಪ್ಪ ಬೆಚ್ಚಿದ. ಬಾಯಿಯ ವಿಷಯ ಅವನು ಎತ್ತಿಯೇ ಇರಲಿಲ್ಲ.

"ಎಷ್ಟು ದಿನ ಆಯ್ತು ಈ ಹುಣ್ಣಾಗಿ?"

"ದೀಪಾವಳಿಯಿಂದ ಸಾರ್."

ಅವರು ಅವನ ಹೆಗಲಿನ ಮೇಲೆ, ಏನೂ ಆಗಿರದ ಒಳ್ಳೆಯ ಚರ್ಮದ ಮೇಲೆ, ಹೆಬ್ಬೆರಳು ಒತ್ತಿ ಪಕ್ಕಕ್ಕೆ ಸರಿಸಿದರು. ಚರ್ಮ ಹಾಲಿನ ಕೆನೆಯಂತೆ ಜಾರಿ ಅವರ ಬೆರಳಿನ ಜೊತೆ ಹೋಯಿತು. ಜೊತೆಗೆ ಬಂದಿದ್ದ ಪ್ರೇಮಮ್ಮ ಮುಖ ತಿರುಗಿಸಿದಳು.

"ಏನು ಕೆಲಸ ಮಾಡ್ತೀರಿ?"

"ಟೇಲರ್ ಸಾರ್."

"ಹಾಗಾದ್ರೆ ನಿಮಗೆ ಬೇಗ ಅರ್ಥವಾಗುತ್ತೆ. ಚರ್ಮ ಅಂದ್ರೆ ಪದರ ಪದರ ಸೇರಿಸಿ ಹೊಲಿದಿರೋದು. ರೋಗ ಬಂದರೆ ಹೊಡೆದೋಡಿಸೋ ಶಕ್ತಿ ಮೈಯಲ್ಲೇ ಇರುತ್ತಲ್ಲ, ನಿಮ್ಮಲ್ಲಿ ಅದಕ್ಕೆ ದಿಕ್ಕು ತಪ್ಪಿದೆ. ಆ ಹೊಲಿಗೆಯನ್ನೇ ಶತ್ರು ಅಂದ್ಕೊಂಡು ಬಿಚ್ತಾ ಇದೆ. ನಿಮ್ಮಲ್ಲಿ ಬಾಯಲ್ಲಿ ಶುರುವಾಯ್ತು, ಉಗುರಿನ ಬುಡಕ್ಕೆ ಬಂತು, ಈಗ ಮೈಗೆ ಇಳಿದಿದೆ. ಪೆಂಫಿಗಸ್ ಅಂತಾರೆ. ಅಂಟೋದಿಲ್ಲ. ಇನ್ನೆರಡು ತಿಂಗಳು ಚಿಂದಿ ಸುತ್ಕೊಂಡು ಕೂತಿದ್ರೆ ನೀವು ಉಳೀತಿರಲಿಲ್ಲ."

"ಯಾರಾದ್ರೂ ಮಾಡ್ಸಿರೋದಾ ಸಾರ್?" ಪ್ರೇಮಮ್ಮ ಕೇಳಿದಳು.

"ಹೊರಗಿನವರು ಯಾರೂ ಇಲ್ಲಮ್ಮ. ಇವರ ಮೈಯೇ."

ಮಾಟವೆಂದಿದ್ದರೆ ಮರುಳಪ್ಪನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಮಾಟಕ್ಕೆ ಮಾಡಿದವರಿರುತ್ತಾರೆ, ಬಿಡಿಸುವವರಿರುತ್ತಾರೆ. ತನ್ನೊಳಗೆ ಕೂತು ತನ್ನನ್ನೇ ಒಂದೊಂದು ಹೊಲಿಗೆಯಾಗಿ ಬಿಚ್ಚುತ್ತಿರುವುದು ತಾನೇ ಎಂದರೆ ಯಾರ ಕಾಲು ಹಿಡಿಯುವುದು? ಮೂರು ತಿಂಗಳು ಬಾಳೆಲೆಯ ಮೇಲೆ ಮಲಗಿಸಿದರು. ಹಾಸಿಗೆಯ ಬಟ್ಟೆ ಚರ್ಮಕ್ಕೆ ಅಂಟುತ್ತಿತ್ತು. ಬೆಳಿಗ್ಗೆ ಹೊರಳಿದರೆ ಎಲೆಯ ಮೇಲೆ ಅವನದೇ ಬೆನ್ನಿನ ಅಚ್ಚು. ಸ್ಟಿರಾಯ್ಡ್ ಮಾತ್ರೆ ಮೆಲ್ಲಗೆ ಹಿಡಿತಕ್ಕೆ ತಂದಿತು. ಅದರಿಂದಲೇ ಮುಖ ಹುಣ್ಣಿಮೆಯ ಚಂದ್ರನ ಹಾಗೆ ಊದಿತು. ಊರಿಗೆ ಬಂದಾಗ ಬಸ್ಸಿನಿಂದ ಇಳಿದ ದುಂಡು ಮುಖದವನನ್ನು ಯಾರದೋ ಬೀಗರೆಂದು ತಿಳಿದು ಇಬ್ಬರು ಕೈಮುಗಿದರು. ಯಾರೆಂದು ಗೊತ್ತಾದ ಮೇಲೆ ಆ ಕೈಗಳು ಬೇಗ ಇಳಿದವು.

ಊರು ಏನೂ ಅನ್ನಲಿಲ್ಲ. ಬಟ್ಟೆ ಕೊಡಲಿಲ್ಲ, ಅಷ್ಟೆ. ಮರುಳಪ್ಪ ಯಂತ್ರಕ್ಕೆ ಎಣ್ಣೆ ಬಿಟ್ಟು ಎದುರಿಗೆ ಕೂತಿರುತ್ತಿದ್ದ. ಕೆಂಪಕ್ಕ ಊರು ಬಿಟ್ಟಿರಲಿಲ್ಲ. ಹೋಗು ಎಂದವರಿಗೆ ಇರು ಎನ್ನಲು ನಾಚಿಕೆಯಾಗಿತ್ತು, ಅವಳು ಆ ನಾಚಿಕೆಯ ನೆರಳಿನಲ್ಲೇ ಉಳಿದುಕೊಂಡಳು. ಶನಿವಾರ ತಪ್ಪದೆ ಚೀಲ ಹಿಡಿದು ಬಂದು ಇಲ್ಲದ ಚಿಂದಿ ಗುಡಿಸಿ ಹೋಗುತ್ತಿದ್ದಳು. ಜನ ಬಟ್ಟೆಗಳನ್ನು ನ್ಯಾಮತಿಗೆ ಒಯ್ದರು. ಅಲ್ಲಿನ ಟೇಲರು ಹೇಳಿದ ದಿನಕ್ಕೇ ಕೊಟ್ಟುಬಿಡುತ್ತಿದ್ದ. ಬೈಯಲು ಏನೂ ಸಿಗದೆ ಊರಿಗೆ ಕಸಿವಿಸಿಯಾಯಿತು.

ಆ ವರ್ಷ ದಸರೆಗೆ ಮುಂಚೆ ಸರ್ವಮಂಗಳಮ್ಮ ಗೋಡೆ ಹಿಡಿದು ಜಗಲಿ ಹತ್ತಿದರು. ತೋಳಿನಲ್ಲಿ ಒಂದು ರವಿಕೆ ಬಟ್ಟೆ.

"ಕೈ ಕೊಡು," ಎಂದರು.

ಮರುಳಪ್ಪ ಹಿಂಜರಿದು ಕೊಟ್ಟ. ಅವರು ಹತ್ತೂ ಬೆರಳನ್ನು ಒಂದೊಂದಾಗಿ ಸವರಿ ನೋಡಿದರು. ಉಗುರು ಬರುತ್ತಿದ್ದವು. ಗದ್ದೆಯ ಬದುವಿನಂತೆ ಅಡ್ಡಡ್ಡ ಗೀರುಬಿದ್ದ ಒರಟು ಉಗುರುಗಳು.

"ಅಂಕುಡೊಂಕು," ಎಂದರು. "ನ್ಯಾಮತಿಯೋನು ತೋಳು ಬಿಗಿ ಹೊಲೀತಾನೆ. ಸಡಿಲಕ್ಕಿರ್ಲಿ."

ಅದಾದ ಮೇಲೆ ಜನ ಒಬ್ಬೊಬ್ಬರಾಗಿ ಬಂದರು. ಆದರೆ ಒಂದು ಅಭ್ಯಾಸ ಊರಿಗೆ ಅಂಟಿತು. ಹೊಸ ಬಟ್ಟೆ ಹಾಕಿಕೊಳ್ಳುವ ಮುನ್ನ ಅಂಚನ್ನು ಉದ್ದಕ್ಕೂ ಬೆರಳಲ್ಲಿ ಹಿಸುಕಿ ನೋಡುವುದು. ಯಾಕೆಂದರೆ ಲೆಕ್ಕದ ಪ್ರಕಾರ ಆರರಲ್ಲಿ ಒಂದು ಇನ್ನೂ ಸಿಕ್ಕಿರಲಿಲ್ಲ. ಇವತ್ತಿಗೂ ಸಿಕ್ಕಿಲ್ಲ.

ದಾವಣಗೆರೆಯ ಡಾಕ್ಟರು ಕಳಿಸುವಾಗ ಒಂದು ಮಾತು ಹೇಳಿದ್ದರು: ಇದು ಹೋದ ಹಾಗೆ ಮಾಡಿ ಬರುವ ನೆಂಟ. ನಿಮಗೆ ಮೈಗಿಂತ ಮೊದಲು ಉಗುರೇ ಹೇಳಬಹುದು, ನೋಡ್ಕೊಂಡಿರಿ. ಅಂದಿನಿಂದ ಮರುಳಪ್ಪ ಬೆಳಿಗ್ಗೆ ಎದ್ದು ದೇವರಿಗಿಂತ ಮುಂಚೆ ಉಗುರು ನೋಡುತ್ತಿದ್ದ. ಎಂಬತ್ತಾರರ ಬೇಸಿಗೆಯಲ್ಲಿ ಒಂದು ದಿನ ಹೆಬ್ಬೆರಳಿನ ಬುಡ ಕೆಂಪಗಿತ್ತು. ಮೇಲಿನಿಂದ ಒತ್ತಿದರೆ ಉಗುರು ನೀರಿನ ಮೇಲಿನ ಎಲೆಯಂತೆ ಅಲ್ಲಾಡಿತು. ಮೈಯಲ್ಲಿ ಒಂದು ಗುಳ್ಳೆ ಇಲ್ಲ, ಬಾಯಲ್ಲಿ ಹುಣ್ಣಿಲ್ಲ. ಒಳಗಿನವನು ಮಾತ್ರ ಮತ್ತೆ ಕೆಲಸ ಶುರುಮಾಡಿದ್ದ.

ಅವತ್ತು ಶನಿವಾರ. ಅವನು ಚಿಂದಿ ಸುತ್ತಿಕೊಳ್ಳಲಿಲ್ಲ. ಕೆಂಪಕ್ಕ ಬಂದಾಗ ಕೈ ಮುಂದೆ ಹಿಡಿದ. ಅವಳು ನೋಡಿ, ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಪ್ರೇಮಮ್ಮಗೆ ಮೊಣಕಾಲು ನೋವು. ನಾನೇ ಬರ್ತೀನಿ ನಡಿ. ಹತ್ತರ ಬಸ್ಸು ಐತೆ."

ಬಸ್ಸಿನಲ್ಲಿ ಮೂರು ಜನರ ಸೀಟು. ಕಿಟಕಿಯ ಪಕ್ಕ ಮಡಿಲಲ್ಲಿ ಮಗುವಿಟ್ಟುಕೊಂಡ ಯಾವುದೋ ಊರಿನ ಹೆಂಗಸು, ನಡುವೆ ಕೆಂಪಕ್ಕ. ಮರುಳಪ್ಪ ಮುಂದಿನ ಕಂಬಿ ಹಿಡಿದ. ಆ ಹೆಂಗಸು ಅವನ ಉಗುರುಗಳನ್ನು ನೋಡಿದಳು. ಕಣ್ಣು ಬೇರೆ ಕಡೆ ತಿರುಗಿಸಿದಳು, ಮತ್ತೆ ನೋಡಿದಳು, ಮಗುವನ್ನು ಎತ್ತಿಕೊಂಡು ಎದ್ದು ಹೋಗಿ ಹಿಂದೆ ನಿಂತಳು. ಮರುಳಪ್ಪ ಕೈಯನ್ನು ಕಂಬಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಹೋದ.

ಕೆಂಪಕ್ಕ ಅವನ ಮಣಿಕಟ್ಟು ಹಿಡಿದು ಕೈಯನ್ನು ಮತ್ತೆ ಕಂಬಿಯ ಮೇಲಿಟ್ಟಳು. "ಇಟ್ಕ ಅಲ್ಲೇ. ದಾವಣಗೆರೆ ತನಕ ಕಾಲು ಚಾಚಾಕೆ ಜಾಗ ಸಿಕ್ತು," ಎಂದು ಕಿಟಕಿಯ ಕಡೆ ಸರಿದು ಕೂತಳು.